ಅರಳು ಮರಳು: ಸ್ಮೃತಿಶಕ್ತಿ ಮತ್ತು ಮೆದುಳಿನ ಜೀವಕೋಶ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮುಪ್ಪಿನೊಡನೆ ಮರವೆ ಬರುವುದು ಸಹಜ, ಅದಕ್ಕೆ ಮದ್ದಿಲ್ಲ ಎಂಬುದು ಈ ಗಾದೆಗೆ ನಾವು ರೂಢಿಯಲ್ಲಿ ಕೊಟ್ಟುಕೊಂಡಿರುವ ಅರ್ಥ. ಈ ಅರ್ಥವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಂದಿನ ಜೀವಕೋಶವಿಜ್ಞಾನದ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಕಾವ್ಯ ವ್ಯಾಕರಣಗಳನ್ನು ಪಾಠ ಹೇಳುವ ಪಂಡಿತ. ಆದರೂ ಈ ವಿಷಯಕ್ಕೆ ಕೈಹಾಕಲು ಕಾರಣವೊಂದುಂಟು.

ಪಾಂಡವಪುರ ತಾಲ್ಲೂಕಿನ ಒಂದು ಗ್ರಾಮದಲ್ಲಿ ನನಗೆ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಹೇಳಿಕೊಟ್ಟ ಗುರುಗಳಿದ್ದರು. ಎಪ್ಪತ್ತು ದಾಟಿದ ಮೇಲೆ ಅವರು ಆಗತಾನೆ ಉಂಡುದನ್ನೇ ಮರೆಯತೊಡಗಿದರು. ಒಮ್ಮೆ ದರ್ಶನಕ್ಕೆ ಹೋದಾಗ, "ತಾವು ಯಾರ ಮನೆಯವರು?" ಎಂದು ನನ್ನನ್ನೇ ಕೇಳಿದರು. ನಾನು ಕಣ್ಣೀರನ್ನು ತಡೆದುಕೊಂಡು ಕೋಶದ ಒಂದು ಶ್ಲೋಕದ ಮೊದಲ ಪಾದವನ್ನು ಹೇಳಿದೆ. ಉಳಿದ ಪಾದಗಳನ್ನು ಅವರು ಒಂದಕ್ಷರವೂ ತಪ್ಪದೆ ಹೇಳಿ ಮುಗಿಸಿದರು. "ವಯಸ್ಸಾಯಿತು" ಎಂದರು ಮನೆಯವರು, ನಾನೂ ಹೌದೆಂದೆ. ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಯಾರಿಗೂ ತೋಚಲಿಲ್ಲ. ಶಿಷ್ಯನ ಹೆಸರು ಅಳಿದು ಶ್ಲೋಕ ಉಳಿದುದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮಾನವನ ಮೆದುಳು ದೇಹದ ತೂಕದಲ್ಲಿ ನೂರಕ್ಕೆ ೨ರಷ್ಟಿದ್ದರೂ, ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ೨೦ರಷ್ಟನ್ನು ತಾನೇ ಬಳಸುತ್ತದೆ. ಅದರಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ವ್ಯಾಕರಣದ ಸಂಧಿಯಲ್ಲಿ ಅಕ್ಷರಗಳು ಬೆರೆತು ಒಂದಾಗುತ್ತವಷ್ಟೆ. ನರಕೋಶಗಳ ಸಂಧಿಯಲ್ಲಾದರೋ ಬಹುಮಟ್ಟಿಗೆ ಎರಡರ ನಡುವೆ ಅತಿ ಕಿರಿದಾದ ತೆರಪು ಉಳಿದೇ ಇರುತ್ತದೆ. ರಾಸಾಯನಿಕ ದ್ರವ್ಯವೊಂದು ಆ ತೆರಪನ್ನು ದಾಟಿ ಸಂದೇಶವನ್ನು ಮುಟ್ಟಿಸುತ್ತದೆ. ಇಂತಹ ಸಂಧಿಯನ್ನು ಮತ್ತೆ ಮತ್ತೆ ಪ್ರಚೋದಿಸಿದರೆ ಅದು ಬಹುಕಾಲ ಬಲಗೊಂಡಿರುತ್ತದೆಂದು ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು ಮೊಲಗಳ ಮೆದುಳಿನಲ್ಲಿ ಪರೀಕ್ಷಿಸಿ ೧೯೭೩ರಲ್ಲಿ ಪ್ರಕಟಿಸಿದರು. ೨೦೦೦ದಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲೊಬ್ಬರಾದ ಎರಿಕ್ ಕ್ಯಾಂಡೆಲ್, ಕಡಲ ಬಸವನಹುಳುವಿನ ಅಧ್ಯಯನದಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರು: ಕ್ಷಣಿಕ ನೆನಪಿಗೆ ಇರುವ ಸಂಧಿಗಳ ಬದಲಾವಣೆ ಸಾಕು, ಚಿರಕಾಲದ ನೆನಪಿಗೆ ಕೋಶವು ಹೊಸ ಪ್ರೋಟೀನುಗಳನ್ನು ನಿರ್ಮಿಸಿ ಹೊಸ ಸಂಧಿಗಳನ್ನು ಬೆಳೆಸಬೇಕು. ನಮ್ಮ ಹಿರಿಯರು ಪಾಠವನ್ನು ಆವೃತ್ತಿ ಮಾಡಿಸುತ್ತಿದ್ದುದು ನಿರರ್ಥಕವಾಗಿರಲಿಲ್ಲ.

ಇನ್ನು ನೆನಪಿನ ನೆಲೆಯ ವಿಚಾರ. ೧೯೫೩ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಮೂರ್ಛೆರೋಗ ನಿವಾರಣೆಗಾಗಿ ಶಸ್ತ್ರಚಿಕಿತ್ಸೆ ಮಾಡಿ, ಮೆದುಳಿನ ಎರಡೂ ಪಾರ್ಶ್ವಗಳಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹ್ವಂಶವನ್ನು ತೆಗೆಯಲಾಯಿತು. ಆತನಿಗೆ ಬಾಲ್ಯದ ನೆನಪು ಉಳಿಯಿತು; ಹೊಸದಾಗಿ ಕಂಡ ಮುಖ, ಕೇಳಿದ ಮಾತು ಮನಸ್ಸಿನಲ್ಲಿ ನಿಲ್ಲಲಿಲ್ಲ. ೧೯೦೬ರಲ್ಲಿ ಜರ್ಮನಿಯ ಆಲ್ಜೈಮರ್ ವರ್ಣಿಸಿದ ಮರವೆರೋಗವು ಸಾಮಾನ್ಯವಾಗಿ ಮೊದಲು ಆಕ್ರಮಿಸುವುದು ಈ ಭಾಗವನ್ನೂ ಅದರ ನೆರೆಯನ್ನೂ. ಅಮಿಲಾಯ್ಡ್ ಎಂಬ ಪ್ರೋಟೀನು ಕೋಶಗಳ ಹೊರಗೆ ಗಡ್ಡೆಗಟ್ಟುತ್ತದೆ. ಟೌ ಎಂಬುದು ಕೋಶದ ಒಳಗೆ ಸಿಕ್ಕುಗಟ್ಟುತ್ತದೆ. ಸಂಧಿಗಳು ಸಡಿಲಗೊಂಡು ಕೋಶಗಳು ಅಳಿಯುತ್ತವೆ. ಹೊಸ ನೆನಪು ಮೊದಲು ಹೋಗಿ, ಬಾಲ್ಯದಲ್ಲಿ ಬೇರುಬಿಟ್ಟ ನೆನಪು ಬಹುಕಾಲ ಉಳಿಯುವುದು ಇದರಿಂದ. ನನ್ನ ಗುರುಗಳದು ಇದೇ ರೋಗವೆಂದು ನಾನು ಹೇಳಲಾರೆ, ಪರೀಕ್ಷೆಯನ್ನೇ ಮಾಡಿಸಲಿಲ್ಲವಲ್ಲ! ಬಿ-೧೨ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆಗಳಿಂದಲೂ ಮರವೆಯುಂಟಾಗಬಹುದು; ಇವಕ್ಕೆ ಚಿಕಿತ್ಸೆಯುಂಟು. "ವಯಸ್ಸಾಯಿತು" ಎಂಬ ಒಂದೇ ಮಾತಿನಿಂದ ನಾವು ಆ ಬಾಗಿಲನ್ನು ಮುಚ್ಚಿಬಿಟ್ಟೆವು.

ಕಂಠಪಾಠವು ಮೆದುಳನ್ನು ಕಾಯುವುದೇ? ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಉತ್ತರ ಭಾರತದ ೨೧ ಮಂದಿ ವೇದಪಂಡಿತರ ಮೆದುಳನ್ನು ಇತರರ ಮೆದುಳಿನೊಡನೆ ಹೋಲಿಸಿದಾಗ, ಭಾಷೆ ಮತ್ತು ಸ್ಮೃತಿಗಳಿಗೆ ಸಂಬಂಧಿಸಿದ ಭಾಗಗಳಲ್ಲಿ ವ್ಯತ್ಯಾಸ ಕಂಡಿತು. ಆದರೆ ಇದು ಮರವೆರೋಗಕ್ಕೆ ಕವಚವೆಂದು ಸಿದ್ಧವಾಗಿಲ್ಲ. ಸಾವಿರಾರು ಪದ್ಯಗಳನ್ನು ಬಲ್ಲ ನನ್ನ ಗುರುಗಳೇ ಇದಕ್ಕೆ ಸಾಕ್ಷಿ. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿಯವರು ಸಂಗಡಿಗರೊಡನೆ ಹೈದರಾಬಾದಿನಲ್ಲಿ ೬೪೮ ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಅಥವಾ ಹೆಚ್ಚು ಭಾಷೆಯಾಡುವವರಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತೆಂದು ೨೦೧೩ರಲ್ಲಿ ತಿಳಿಸಿದರು. ನಿರಕ್ಷರಿಗಳಲ್ಲಿಯೂ ಈ ಅಂತರ ಕಂಡಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು, ೪೫ ವರ್ಷ ಮೀರಿದ ಗ್ರಾಮೀಣರು ೧೦,೦೦೦ ಮಂದಿಯನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯಿಂದ ೨೦೧೮ರಲ್ಲಿ ಅಧ್ಯಯನವನ್ನಾರಂಭಿಸಿತು. ನಮ್ಮಂತಹ ರೈತರ ಮೆದುಳೂ ವಿಜ್ಞಾನದ ವಿಷಯವಾದುದು ಸಂತೋಷದ ಸಂಗತಿ.

ಲ್ಯಾನ್ಸೆಟ್ ಆಯೋಗವು ೨೦೨೪ರಲ್ಲಿ ೧೪ ಕಾರಣಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿವಾರಿಸಿದರೆ ಮರವೆರೋಗದ ನೂರಕ್ಕೆ ೪೫ ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅಂದಾಜು ಮಾಡಿತು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯ, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಏಕಾಂಗಿತನ, ವಿದ್ಯೆಯ ಅಭಾವಗಳು ಅವುಗಳಲ್ಲಿ ಸೇರಿವೆ. ಮಗುವಿಗೆ ಅಕ್ಷರ ಕಲಿಸುವುದು ಅದರ ಮುಪ್ಪಿಗೂ ರಕ್ಷಣೆಯನ್ನೊದಗಿಸಿದಂತೆ ಎಂಬ ಮಾತು ಶಾಲೆ ನಡೆಸುವ ನಮಗೆ ಎಷ್ಟು ಧೈರ್ಯ ತರುತ್ತದೆ!

ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ "ಅರಳು ಮರಳು" ಎಂದೇ ತಮ್ಮ ಕಾವ್ಯಸಂಪುಟಕ್ಕೆ ಹೆಸರಿಟ್ಟರು. ಅದಕ್ಕೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮರಳಿ ಅರಳುವುದೆಂಬ ಅರ್ಥವೂ ಆ ಪದಗಳಿಂದ ಹೊಮ್ಮುತ್ತದಲ್ಲವೇ? ೧೯೦೦ರಲ್ಲಿ ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರ "ದೇವರು" ಎಂಬ ವಿಚಾರಗ್ರಂಥ ಪ್ರಕಟವಾದುದು ೧೯೯೧ರಲ್ಲಿ. ಒಬ್ಬರ ಉದಾಹರಣೆಯಿಂದ ನಿಯಮ ಹೇಳಲಾಗದು; ಆದರೆ ಗಾದೆಯೇ ನಿಯಮವಲ್ಲವೆಂದು ತೋರಿಸಲು ಒಬ್ಬರೇ ಸಾಕು.

ಆದುದರಿಂದ ಅಧ್ಯಾಪಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನಮ್ಮ ಹಿರಿಯರಿಗಾಗಿ ವರ್ಷಕ್ಕೊಂದು ದಿನ ಶಾಲೆಯ ಆವರಣದಲ್ಲಿ ಕಣ್ಣು, ಕಿವಿ, ರಕ್ತದೊತ್ತಡ, ಸಕ್ಕರೆಗಳ ತಪಾಸಣೆ ನಡೆಯಲಿ. ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯೋಣ. ಮರವೆಯನ್ನು ಕಳೆದು ಅರಿವನ್ನು ಬೆಳೆಸುವುದು ಶರಣರ ಮಾರ್ಗವಷ್ಟೆ. ಗುರುಗಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇದನ್ನೋದಿದವರು ಮಾಡದಿದ್ದರೆ ಈ ಲೇಖನ ಸಾರ್ಥಕ.