ಮುಂದಿನ ಮುಡಿಯ ಹಣ: ಕಷ್ಟದಲ್ಲಿರುವ ಸ್ವಾಮಿಗೆ ನಿಧಿ ಕೂಡಿಸುವುದು ಹೇಗೆ?



ಇರುಮುಡಿ ಕಟ್ಟುವಾಗ ಗುರುಸ್ವಾಮಿಗಳು ಕನ್ನಿಸ್ವಾಮಿಗಳಿಗೆ ಎರಡು ಮುಡಿಗಳ ವ್ಯತ್ಯಾಸ ಹೇಳಿಕೊಡುತ್ತಾರೆ. ಮುಂದಿನ ಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ, ಪೂಜಾ ಸಾಮಗ್ರಿ ಇರುತ್ತವೆ. ಅದು ಸ್ವಾಮಿಗೆ ಸೇರಿದ್ದು. ಹಿಂದಿನ ಮುಡಿಯಲ್ಲಿ ದಾರಿಯ ಆಹಾರ ಇರುತ್ತದೆ. ಅದು ನಮ್ಮದು. ಎಷ್ಟೇ ಹಸಿವಾದರೂ ಮುಂದಿನ ಮುಡಿಗೆ ನಾವು ಕೈ ಹಾಕುವುದಿಲ್ಲ. ಒಬ್ಬರ ಕಷ್ಟಕ್ಕೆಂದು ಹತ್ತು ಜನರಿಂದ ಕೂಡಿಸಿದ ಹಣವೂ ಮುಂದಿನ ಮುಡಿ ಇದ್ದ ಹಾಗೆ. ಹೊರುವವರು ನಾವು, ಹಣ ನಮ್ಮದಲ್ಲ. ಇಂದಿನ ಪಾಠದ ತಿರುಳು ಇಷ್ಟೇ. ಅದನ್ನು ನಡೆಸುವ ಬಗೆಯನ್ನು ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಂಬೈಯ ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮ ಊರ ಕಡೆಯ ಸ್ವಾಮಿಯೊಬ್ಬರಿಗೆ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಆಸ್ಪತ್ರೆಗೆ ಹೋದ ದಿನ ಕೆಲಸವಿಲ್ಲ, ಕೆಲಸವಿಲ್ಲದ ದಿನ ಸಂಬಳವಿಲ್ಲ. ಮಲಗುವ ಜಾಗವೂ ಹೋಟೆಲಿನವರದೇ ಆಗಿದ್ದರೆ ಕೆಲಸದ ಜೊತೆ ಅದೂ ಹೋಗುತ್ತದೆ. ಊರಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಕ್ಕಳು. ಇಂಥ ಸುದ್ದಿ ಬಂದಾಗ ಸಾಮಾನ್ಯವಾಗಿ ಏನಾಗುತ್ತದೆ? ವಾಟ್ಸಾಪಿನಲ್ಲಿ ಒಂದು ಫೋಟೋ, ಒಂದು ಫೋನ್ ನಂಬರು, ಮೂರು ದಿನ ಹಣ. ಆಮೇಲೆ ಎಲ್ಲರೂ ಮರೆಯುತ್ತಾರೆ. ಡಯಾಲಿಸಿಸ್ ಮಾತ್ರ ನಿಲ್ಲುವುದಿಲ್ಲ.

1. ಮೊದಲು ವಿಚಾರಿಸಿ

ಮಣಿಕಂಠನ ಕಥೆ ನಿಮಗೆಲ್ಲ ಗೊತ್ತು. ರಾಣಿಯ ತಲೆನೋವು ಸುಳ್ಳು, ವೈದ್ಯ ಹೇಳಿದ ಹುಲಿಹಾಲಿನ ಮದ್ದೂ ಸುಳ್ಳು. ಆದರೂ ಬಾಲಕ ಕಾಡಿಗೆ ಹೊರಟ. ಅವನು ಪಣಕ್ಕಿಟ್ಟದ್ದು ತನ್ನ ಸ್ವಂತ ಪ್ರಾಣವನ್ನು. ನಾವು ಹೊರಡುವುದು ಬೇರೆಯವರ ದುಡಿಮೆಯ ಹಣ ಹಿಡಿದುಕೊಂಡು. ಆದ್ದರಿಂದ ವಿಚಾರಿಸದೆ ಹೊರಡುವ ಹಕ್ಕು ನಮಗಿಲ್ಲ. ಇಬ್ಬರು ಸ್ವಾಮಿಗಳು ಆಸ್ಪತ್ರೆಗೆ ಹೋಗಿ ರೋಗಿಯನ್ನು ಕಾಣಲಿ. ಅವರ ಒಪ್ಪಿಗೆ ಪಡೆದು ವೈದ್ಯರ ಚೀಟಿ, ಖರ್ಚಿನ ಅಂದಾಜುಪಟ್ಟಿ ನೋಡಲಿ. ಇದು ಅನುಮಾನದ ಮಾತಲ್ಲ. ನಾಳೆ ಯಾರಾದರೂ ಪ್ರಶ್ನೆ ಕೇಳಿದಾಗ ರೋಗಿ ತಲೆ ತಗ್ಗಿಸಬಾರದು, ಅದಕ್ಕಾಗಿ.

2. ಸಿಗಬೇಕಾದ ನೆರವು ಸಿಗಲಿ

ದೇಣಿಗೆ ಕೇಳುವ ಮೊದಲು ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಹೋಗಿ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ನೆರವಿದೆ. ಊರಿನ ಪಡಿತರ ಚೀಟಿ, ಆಧಾರ್ ತರಿಸಿ ಕಾರ್ಡ್ ಇದೆಯೇ ನೋಡಿ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಫುಲೆ ಯೋಜನೆ, ತೆಲಂಗಾಣದಲ್ಲಿ ಆರೋಗ್ಯಶ್ರೀ, ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ವಿಮಾ ಯೋಜನೆ ಇವೆ. ಮಹಾರಾಷ್ಟ್ರದ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಇದೆ. ಊರಿಗೆ ಮರಳುವ ಮನಸ್ಸಿರುವವರಿಗೆ ಇದು ದೊಡ್ಡ ಆಸರೆ. ಕಿಡ್ನಿ ಕಸಿಯಂಥ ಚಿಕಿತ್ಸೆಗೆ ಪ್ರಧಾನಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು.

ಮರಾಠಿ, ತಮಿಳು ಬಾರದ ರೋಗಿಯ ಜೊತೆ ಕಚೇರಿಗೆ ಹೋಗಿ ಫಾರಂ ತುಂಬಿಸುವ ಯುವ ಸ್ವಾಮಿಯ ಒಂದು ದಿನ, ಸಾವಿರಾರು ರೂಪಾಯಿಯ ದೇಣಿಗೆಗೆ ಸಮ.

3. ಯೋಜನೆ ಮುಟ್ಟದ ಖರ್ಚಿಗೆ ನಿಧಿ ಕೂಡಿಸಿ

ಯೋಜನೆ ಆಸ್ಪತ್ರೆಯ ಬಿಲ್ಲನ್ನು ನೋಡಿಕೊಳ್ಳುತ್ತದೆ. ರಿಕ್ಷಾ ಬಾಡಿಗೆ, ಹೊರಗಿನ ಔಷಧಿ, ಕೋಣೆಯ ಬಾಡಿಗೆ, ಊರಿಗೆ ಕಳಿಸಬೇಕಾದ ಹಣ, ಮಕ್ಕಳ ಫೀಸು ಹಾಗೆಯೇ ಉಳಿಯುತ್ತವೆ. ಏನು ಬೇಕು ಎಂದು ಅವರನ್ನೇ ಕೇಳಿ ಪಟ್ಟಿ ಮಾಡಿ. ಕೋರಿಕೆಯಲ್ಲಿ ‘ಕೈಲಾದಷ್ಟು ಸಹಾಯ ಮಾಡಿ’ ಎಂದಷ್ಟೇ ಬರೆದು ಬಿಡಬೇಡಿ. ತಿಂಗಳಿಗೆ ಎಷ್ಟು, ಯಾವುದಕ್ಕೆ, ಎಷ್ಟು ತಿಂಗಳು ಎಂಬುದನ್ನೂ ಬರೆಯಿರಿ.

4. ಮರ್ಯಾದೆ ಕಾಯಿರಿ

ಮಾಲೆ ಹಾಕಿದ ಮೇಲೆ ಕೊಡುವವನೂ ಸ್ವಾಮಿ, ಪಡೆಯುವವನೂ ಸ್ವಾಮಿ. ಸನ್ನಿಧಾನದಲ್ಲಿ ಬರೆದಿರುವ ‘ತತ್ತ್ವಮಸಿ’ ಹೇಳುವುದೂ ಇದನ್ನೇ. ಹಾಗಿರುವಾಗ ಸೂಜಿ ಚುಚ್ಚಿದ ಕೈಯ ಫೋಟೋ, ಅಳುವ ಹೆಂಡತಿಯ ವಿಡಿಯೋ ಏಕೆ? ಹೆಸರು ಹಾಕಬೇಕೇ ಬೇಡವೇ ಎಂಬುದನ್ನು ಅವರೇ ಹೇಳಲಿ. ಚೆಕ್ ಕೊಡುವ ಫೋಟೋಗೆ ರೋಗಿಯನ್ನು ನಿಲ್ಲಿಸಬೇಡಿ. ಆ ಫೋಟೋ ಮುಂದೊಂದು ದಿನ ಅವರ ಮಗಳ ಶಾಲೆಯ ಗುಂಪಿನಲ್ಲೂ ಬಂದೀತು.

5. ಲೆಕ್ಕ ಎಲ್ಲರ ಮುಂದಿರಲಿ

ಹುರುಪಿನ ಯುವಕನೊಬ್ಬನ ಸ್ವಂತ ಖಾತೆಗೆ ಹಣ ತರಿಸುವುದು ಬೇಡ. ಅವನ ಸಂಬಳ, ದೇಣಿಗೆ ಎರಡೂ ಬೆರೆತರೆ ಎರಡು ಮುಡಿಗಳು ಬೆರೆತಂತೆ. ಸಂಬಂಧಿಕರಲ್ಲದವರಿಂದ ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದ ಕೊಡುಗೆ ಹಣ ಆದಾಯವೆಂದೂ ಲೆಕ್ಕಕ್ಕೆ ಬರುತ್ತದೆ. ಆಸ್ಪತ್ರೆಯ ಬಿಲ್ಲನ್ನು ನೇರವಾಗಿ ಆಸ್ಪತ್ರೆಯ ಖಾತೆಗೆ ಕಟ್ಟಿ. ಉಳಿದದ್ದಕ್ಕೆ ನೋಂದಣಿಯಾದ ಸಂಘ ಅಥವಾ ಟ್ರಸ್ಟ್ ಇದ್ದರೆ ಅದರ ಖಾತೆ ಬಳಸಿ, ಇಬ್ಬರ ಸಹಿ ಇರಲಿ. ನಗದಾಗಿ ಬಂದ ಪ್ರತಿ ರೂಪಾಯಿಗೂ ರಸೀದಿ ಕೊಡಿ. ಲೆಕ್ಕ ತಿಳಿದ ಒಬ್ಬ ಆಡಿಟರನ್ನು ಮೊದಲೇ ಕೇಳಿಕೊಳ್ಳಿ. ವಾರಕ್ಕೊಮ್ಮೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಮೂರೇ ಸಾಲು ಗುಂಪಿನಲ್ಲಿ ಹಾಕಿ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಹಾಕಬೇಡಿ. ನೂರು ರೂಪಾಯಿ ಕೊಟ್ಟ ಸ್ವಾಮಿ ನಾಚಿಕೊಳ್ಳಬಾರದು.

6. ವ್ರತದಿಂದ ಕೂಡಿಸಿ, ವ್ರತದ ನಂತರವೂ ಮುಂದುವರಿಸಿ

ದಿನಕ್ಕೊಂದು ಹೊರಗಿನ ಚಹಾ ಬಿಟ್ಟು 20 ರೂಪಾಯಿ ತೆಗೆದಿಟ್ಟರೆ 41 ದಿನಕ್ಕೆ 820 ರೂಪಾಯಿ. 25 ಸ್ವಾಮಿಗಳು ಸೇರಿದರೆ 20,500. ಮಾಲೆ ತೆಗೆದ ಮೇಲೂ ಅದೇ 25 ಜನ ತಿಂಗಳಿಗೆ 200 ರೂಪಾಯಿ ಕೊಟ್ಟರೆ 5,000. ಊರಿನ ಮನೆಗೆ ಪ್ರತಿ ತಿಂಗಳೂ ತಪ್ಪದೆ ಬರುವ ಆ 5,000, ಒಂದೇ ಸಲ ಬಂದು ಖರ್ಚಾಗುವ ದೊಡ್ಡ ಮೊತ್ತಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ.

7. ಉಳಿದರೆ ಏನು?

ಇದನ್ನು ಮೊದಲ ದಿನವೇ ತೀರ್ಮಾನಿಸಿ ಕೋರಿಕೆಯಲ್ಲೇ ಬರೆಯಿರಿ. ಕಾಯಿಲೆ ವಾಸಿಯಾಗಬಹುದು, ಸ್ವಾಮಿ ನಮ್ಮನ್ನು ಬಿಟ್ಟೂ ಹೋಗಬಹುದು. ಉಳಿದ ಹಣ ಅವರ ಮಕ್ಕಳ ಓದಿಗೋ, ಇನ್ನೊಬ್ಬ ರೋಗಿಗೋ ಎಂಬುದು ಕೊಡುವವರಿಗೆ ತಿಳಿದಿರಲಿ. ಅದನ್ನು ಪಡಿಪೂಜೆಗೋ, ಯಾತ್ರೆಯ ಬಸ್ಸಿಗೋ ತಿರುಗಿಸಬೇಡಿ. ಕಾರ್ಯ ಒಳ್ಳೆಯದೇ ಇರಬಹುದು, ಆದರೆ ಕೊಟ್ಟವರು ಕೊಟ್ಟದ್ದು ಅದಕ್ಕಲ್ಲ.

ಈ ವಾರದ ಅಭ್ಯಾಸ: ನಿಮ್ಮ ಭಜನೆಗೆ ಬರುತ್ತಿದ್ದು ಈಗ ಕಾಣಿಸದ ಸ್ವಾಮಿಗಳು ಯಾರು ಎಂದು ನೆನಪಿಸಿಕೊಳ್ಳಿ. ಒಬ್ಬರಿಗಾದರೂ ಫೋನ್ ಮಾಡಿ, ‘ಸ್ವಾಮಿ, ಹೇಗಿದ್ದೀರಿ? ಬಹಳ ದಿನವಾಯಿತು ಕಾಣದೆ’ ಎಂದು ಕೇಳಿ. ಕಷ್ಟದಲ್ಲಿರುವವರು ಎಷ್ಟೋ ಸಲ ತಾವಾಗಿ ಬಾಯಿ ಬಿಡುವುದಿಲ್ಲ.

ಸ್ವಾಮಿ ಶರಣಂ.