ಮುಂದೆ ಒಂದೇ ಚೈನ್‌ರಿಂಗ್ ಸಾಕೇ? ಹಲ್ಲು ಎಣಿಸಿ ನೋಡಿ

2012ರಲ್ಲಿ ಸ್ರ್ಯಾಮ್ ಕಂಪನಿಯ ಎಕ್ಸ್‌ಎಕ್ಸ್1 ಗೇರ್ ಸೆಟ್ ಬಂದ ಮೇಲೆ, ಮುಂದೆ ಒಂದೇ ಚೈನ್‌ರಿಂಗ್, ಹಿಂದೆ ದೊಡ್ಡ ಕ್ಯಾಸೆಟ್ ಎಂಬ ಏರ್ಪಾಡು ಗುಡ್ಡಗಾಡಿನ ಸೈಕಲ್‌ಗಳಲ್ಲಿ ಬೇರೂರಿತು. ಈಗ ರಸ್ತೆ ಸೈಕಲ್ ಕೊಳ್ಳುವವರಿಗೂ ಅದರ ಮೇಲೆ ಕಣ್ಣು. ದುಡ್ಡು ಕೊಡುವ ಮುನ್ನ ಸ್ವಲ್ಪ ಲೆಕ್ಕ ಮಾಡಿ.

ಮೊದಲು ನಿಮ್ಮ ಈಗಿನ ಸೈಕಲ್‌ನ ಅತಿ ಹಗುರ ಗೇರ್ ಹುಡುಕಿ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ. ಮುಂದೆ 22, ಹಿಂದೆ 34 ಇದ್ದರೆ 0.65, ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಮುಕ್ಕಾಲು ಸುತ್ತೂ ತಿರುಗದು. ಮುಂದೆ ಒಂದೇ 32ರ ರಿಂಗ್, ಹಿಂದೆ 50 ಇದ್ದರೆ 0.64, ಏರು ಹತ್ತಲು ಯಾವ ತೊಂದರೆಯೂ ಇಲ್ಲ. ಹಿಂದೆ 42 ಮಾತ್ರ ಇದ್ದರೆ 0.76. ನಂದಿ ಬೆಟ್ಟದ ತಿರುವುಗಳಲ್ಲಿ ಈ ವ್ಯತ್ಯಾಸ ಮೊಣಕಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ತುದಿಯನ್ನೂ ನೋಡಿ. ನಿಮಿಷಕ್ಕೆ 90 ಸುತ್ತು ತುಳಿದರೆ 50–11ರಲ್ಲಿ ಗಂಟೆಗೆ ಸುಮಾರು 51 ಕಿ.ಮೀ., 40–11ರಲ್ಲಿ 41. ಊರೊಳಗೆ ಇದು ಲೆಕ್ಕಕ್ಕೇ ಬಾರದು. ನಿಜವಾದ ಕೊರತೆ ಗೇರ್‌ಗಳ ನಡುವಿನ ಅಂತರ. 11ರಿಂದ ನೇರ 13ಕ್ಕೆ ಹೋದಾಗ ತುಳಿತದ ಲಯ ತಪ್ಪುತ್ತದೆ. ಗುಂಪಿನಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುವವರು ಎರಡು ರಿಂಗ್‌ಗಳನ್ನೇ ಉಳಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಣ್ಣಿನ ಹಾದಿ, ಕಾಫಿ ತೋಟದ ಕಚ್ಚಾ ರಸ್ತೆಗಳಲ್ಲಿ ಓಡಾಡುವವರು ಮಾತ್ರ ಧೈರ್ಯವಾಗಿ ಒಂದಕ್ಕೆ ಬನ್ನಿ. ಮುಂದಿನ ಡಿರೇಲರ್, ಎಡಗೈ ಶಿಫ್ಟರ್, ಅದರ ಕೇಬಲ್ ಎಲ್ಲವೂ ಹೋಗುತ್ತವೆ. ಕೆಸರು ಮೆತ್ತುವ ಜಾಗವೇ ಕಡಿಮೆ. ಹೊಸಬರಿಗೆ ಗೇರ್ ಬದಲಿಸುವ ಗೊಂದಲವೂ ಇಲ್ಲ.

ಹಳೆಯ ಸೈಕಲ್ ಪರಿವರ್ತಿಸುವುದಾದರೆ ಎರಡು ರಿಂಗ್‌ಗಳಲ್ಲಿ ಒಂದನ್ನು ಬಿಚ್ಚಿಟ್ಟರೆ ಸಾಲದು, ಚೈನ್ ಜಿಗಿದು ಬೀಳುತ್ತದೆ. ಒಂದು ದಪ್ಪ, ಒಂದು ತೆಳು ಹಲ್ಲಿರುವ ನ್ಯಾರೋ-ವೈಡ್ ರಿಂಗ್ ಹಾಕಿಸಿ. ಅದರ ಬೋಲ್ಟ್ ರಂಧ್ರಗಳು ನಿಮ್ಮ ಕ್ರ್ಯಾಂಕ್‌ಗೆ ಹೊಂದಬೇಕು. ಹಿಂದೆ ಕ್ಲಚ್ ಇರುವ ಡಿರೇಲರ್ ಬೇಕು, ಅದು ಎಷ್ಟು ಹಲ್ಲಿನ ಕ್ಯಾಸೆಟ್ ತಾಳುತ್ತದೆ ಎಂದೂ ಕೇಳಿ. 10 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ ಹಿಂದಿನ ಚಕ್ರದ ಸಾಮಾನ್ಯ ಫ್ರೀಹಬ್‌ಗೆ (ಕ್ಯಾಸೆಟ್ ಕೂರುವ ಭಾಗಕ್ಕೆ) ಕೂರದು. 11ರದ್ದು ತೆಗೆದುಕೊಂಡರೆ ಹೊಸ ಫ್ರೀಹಬ್‌ನ ಖರ್ಚು ಉಳಿಯುತ್ತದೆ.

ತುದಿಯ ಗೇರ್‌ಗಳಲ್ಲಿ ಚೈನ್ ಓರೆಯಾಗಿ ಓಡುವುದರಿಂದ ಸವೆತ ಹೆಚ್ಚು, ದೊಡ್ಡ ಕ್ಯಾಸೆಟ್ ದುಬಾರಿ. ಚೈನ್ ಅಳೆಯುವ ಗೇಜ್ ಒಂದನ್ನು ಕೊಂಡಿಟ್ಟುಕೊಳ್ಳಿ. 11, 12 ಗೇರ್‌ಗಳ ಚೈನ್‌ನಲ್ಲಿ ಅದು 0.5 ತೋರಿಸಿದ ಕೂಡಲೇ ಚೈನ್ ಬದಲಿಸಿ, ಕ್ಯಾಸೆಟ್ ಉಳಿಯುತ್ತದೆ.