ಅಧ್ಯಕ್ಷರು ದೊಡ್ಡವರೋ, ಪೌರಾಯುಕ್ತರು ದೊಡ್ಡವರೋ?

ಪ್ರಶ್ನೆ: ನಾನು ಹುಟ್ಟಿದ್ದು ತಿ. ನರಸೀಪುರದಲ್ಲಿ, ಕೊಟ್ಟಿದ್ದು ನಂಜನಗೂಡಿಗೆ. ಅಲ್ಲಿ ಪುರಸಭೆ, ಇಲ್ಲಿ ನಗರಸಭೆ. ಅಲ್ಲಿ ಮುಖ್ಯಾಧಿಕಾರಿ, ಇಲ್ಲಿ ಪೌರಾಯುಕ್ತರು. ಎರಡು ಕಡೆಯೂ ಅಧ್ಯಕ್ಷರಿರುತ್ತಾರೆ, ವಾರ್ಡ್ ಸದಸ್ಯರಿರುತ್ತಾರೆ. ಇವರಲ್ಲಿ ನಿಜವಾದ ಅಧಿಕಾರ ಯಾರದು? ‘ಇಲ್ಲಿ ಕಸ ಹಾಕಿದರೆ ದಂಡ’ ಅಂತ ಬೋರ್ಡು ಇರುತ್ತಲ್ಲ, ಆ ದಂಡ ಹಾಕೋರು ಯಾರು? ಕಟ್ಟಲ್ಲ ಅಂದರೆ ಏನಾಗುತ್ತೆ?
– ಓದುಗರೊಬ್ಬರು, ನಂಜನಗೂಡು

ಉತ್ತರ: ಯಾರು ದೊಡ್ಡವರು ಎಂದು ಕೇಳಿದರೆ ಕಾನೂನು ಬಾಯಿ ಬಿಡುವುದಿಲ್ಲ. ಯಾವ ಕೆಲಸಕ್ಕೆ ಯಾರು ಎಂದು ಕೇಳಿ, ತಕ್ಷಣ ಹೇಳುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಿಮ್ಮ ತವರೂರು, ಗಂಡನೂರು ಎರಡೂ ನಡೆಯುವುದು ಒಂದೇ ಕಾಯ್ದೆಯಲ್ಲಿ: 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಜನಸಂಖ್ಯೆ 20 ಸಾವಿರದಿಂದ 50 ಸಾವಿರದವರೆಗಿದ್ದರೆ ಪುರಸಭೆ. ಅದನ್ನು ದಾಟಿ 3 ಲಕ್ಷದವರೆಗೆ ನಗರಸಭೆ. 2011ರ ಜನಗಣತಿಯಲ್ಲಿ ನಂಜನಗೂಡು 50 ಸಾವಿರದ ಗೆರೆಯನ್ನು ಕೂದಲೆಳೆಯಲ್ಲಿ ದಾಟಿತ್ತು. ಹಾಗಾಗಿ ಇಲ್ಲಿ 31 ವಾರ್ಡು, ನರಸೀಪುರದಲ್ಲಿ 23. ಬೋರ್ಡು ಬೇರೆ, ಅಧಿಕಾರಿಯ ಹುದ್ದೆಯ ಹೆಸರು ಬೇರೆ. ಅಧಿಕಾರದ ಹಂಚಿಕೆ ಮಾತ್ರ ಒಂದೇ. ಪಕ್ಕದ ಮೈಸೂರು ಮಹಾನಗರ ಪಾಲಿಕೆಗಾದರೆ 1976ರ ಪ್ರತ್ಯೇಕ ಕಾಯ್ದೆಯಿದೆ.

ಈ ಹಂಚಿಕೆಯನ್ನು ಒಂದು ಚರಂಡಿಯಲ್ಲಿ ನೋಡಬಹುದು. ನಿಮ್ಮ ಬೀದಿಯ ಚರಂಡಿ ಕುಸಿದಿದೆ ಎನ್ನಿ. ಬಜೆಟ್ಟಿನಲ್ಲಿ ಅದಕ್ಕೆ ದುಡ್ಡಿಡಬೇಕೋ ಬೇಡವೋ, ಈ ವರ್ಷವೋ ಮುಂದಿನ ವರ್ಷವೋ ಎಂದು ತೀರ್ಮಾನಿಸುವುದು ಚುನಾಯಿತ ಸದಸ್ಯರ ಸಭೆ. ಅಂದಾಜು ಪಟ್ಟಿ ಬರೆಯುವುದು ಇಂಜಿನಿಯರು. ಟೆಂಡರ್ ಕರೆದು, ಕೆಲಸ ಮಾಡಿಸಿ, ಬಿಲ್ಲು ಪಾಸು ಮಾಡುವುದು ಪೌರಾಯುಕ್ತರ ಕಚೇರಿ. ಅಧ್ಯಕ್ಷರು ಸಭೆ ನಡೆಸುತ್ತಾರೆ, ಆಡಳಿತದ ಮೇಲೆ ಕಣ್ಣಿಡುತ್ತಾರೆ, ಕಡತ ತರಿಸಿ ನೋಡುತ್ತಾರೆ. ಪೌರಾಯುಕ್ತರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಕೈ ಎತ್ತುವಂತಿಲ್ಲ; ಅವರಿಗೆ ಮತವಿಲ್ಲ. ಅವರನ್ನು ನೇಮಿಸುವುದೂ ವರ್ಗ ಮಾಡುವುದೂ ರಾಜ್ಯ ಸರ್ಕಾರ. ಅಂದರೆ ‘ಆಗಲಿ’ ಎನ್ನುವ ಬಾಯಿ ಒಬ್ಬರದು, ಮಾಡುವ ಕೈ ಇನ್ನೊಬ್ಬರದು. ಬಾಯಿಗೆ ಹೋಗಿ ‘ನಾಳೆಯೇ ಮಾಡಿ’ ಎಂದರೂ, ಕೈಗೆ ಹೋಗಿ ‘ದುಡ್ಡಿಡಿ’ ಎಂದರೂ ಅಲೆದಾಟವೇ ಗತಿ.

ಸಭೆಯಲ್ಲಿ ವಾರ್ಡಿನಿಂದ ಗೆದ್ದವರಷ್ಟೇ ಇರುವುದಿಲ್ಲ. ಆ ಊರನ್ನು ಪ್ರತಿನಿಧಿಸುವ ಶಾಸಕರೂ ಸಂಸದರೂ ಸದಸ್ಯರೇ, ಅವರಿಗೆ ಮತವೂ ಉಂಟು. ಜಿಲ್ಲೆ ಮೈಸೂರಾದರೂ ನಿಮ್ಮ ಎರಡೂ ಊರುಗಳು ಲೋಕಸಭೆಗೆ ಚಾಮರಾಜನಗರ ಕ್ಷೇತ್ರಕ್ಕೆ ಸೇರಿವೆ. ಹಾಗಾಗಿ ಒಬ್ಬರೇ ಸಂಸದರು ಎರಡೂ ಸಭೆಗಳಲ್ಲಿ ಕೂರಬಲ್ಲರು. ಸರ್ಕಾರ ಐದು ಜನರವರೆಗೆ ನಾಮನಿರ್ದೇಶನ ಮಾಡಬಹುದು. ಅವರಿಗೆ ಮಾತುಂಟು, ಮತವಿಲ್ಲ.

ಈ ಸಭೆಯ ಮೇಲೊಂದು ಕಣ್ಣು ಜಿಲ್ಲಾಧಿಕಾರಿಯದು. ಸಭೆಯ ನಿರ್ಣಯ ಕಾನೂನಿಗೆ ವಿರುದ್ಧ ಎನಿಸಿದರೆ ಅದನ್ನು ಅಮಾನತಿನಲ್ಲಿಟ್ಟು ಸರ್ಕಾರಕ್ಕೆ ವರದಿ ಮಾಡಬಲ್ಲರು. ಚುನಾಯಿತ ಸಭೆಯ ಅವಧಿ ಐದು ವರ್ಷ. ಅದು ಮುಗಿದು ಹೊಸ ಚುನಾವಣೆ ಆಗದಿದ್ದರೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಆಗ ಬಾಯಿಯೂ ಕೈಯೂ ಅಧಿಕಾರಿಗಳದೇ. ಚುನಾವಣೆ ಆದ ಮಾತ್ರಕ್ಕೂ ಸಭೆ ಶುರುವಾಗುತ್ತದೆ ಎಂದಲ್ಲ. 2018ರಲ್ಲಿ ಗೆದ್ದ ರಾಜ್ಯದ ಎಷ್ಟೋ ಪಟ್ಟಣಗಳ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯ ಬಗೆಹರಿಯಲಿ ಎಂದು 2020ರವರೆಗೆ ಕಾದು ಕೂತಿದ್ದರು.

ಇನ್ನು ದಂಡದ ಬೋರ್ಡಿಗೆ ಬರೋಣ. ಬೋರ್ಡಿಗೆ ತಾನಾಗಿ ಶಕ್ತಿಯಿಲ್ಲ. ಅದರ ಹಿಂದೆ ಒಂದು ಬೈಲಾ, ಅಂದರೆ ಉಪವಿಧಿ, ಇರಬೇಕು. ಅದನ್ನು ಮಾಡುವ ಅಧಿಕಾರವನ್ನು ಕಾಯ್ದೆಯ 324ನೇ ಕಲಂ ಸ್ಥಳೀಯ ಸಭೆಗೇ ಕೊಟ್ಟಿದೆ. ಆದರೆ ಸಭೆ ಒಪ್ಪಿದರೆ ಸಾಲದು, ರಾಜ್ಯ ಸರ್ಕಾರದ ಮಂಜೂರಾತಿ ಬೇಕು. ಆದ್ದರಿಂದ ‘ಐನೂರು ಕಟ್ಟಿ’ ಎಂದು ಯಾರಾದರೂ ಕೇಳಿದರೆ ಯಾವ ಉಪವಿಧಿಯಲ್ಲಿ ಎಂದು ವಿಚಾರಿಸುವುದು ಉದ್ಧಟತನವಲ್ಲ. ದಂಡ ಬರೆಯುವವರು ಸಾಮಾನ್ಯವಾಗಿ ಆರೋಗ್ಯ ನಿರೀಕ್ಷಕರು. ಬರೆದ ಮೇಲೆ ರಸೀದಿ ಕೊಡಲೇಬೇಕು. ಕಟ್ಟಲ್ಲ ಎಂದರೆ ಅವರು ನಿಮ್ಮನ್ನು ಹಿಡಿದು ಕೂರಿಸುವಂತಿಲ್ಲ. ವಿಷಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ, ತಪ್ಪೋ ಒಪ್ಪೋ ಎನ್ನುವುದು ಅಲ್ಲಿ. ಅಮೆರಿಕದ ಸಿನಿಮಾಗಳಲ್ಲಿ ಮೇಯರ್ ಒಂದು ಮಾತು ಹೇಳಿದರೆ ಪೊಲೀಸರು ಓಡಿ ಬರುತ್ತಾರೆ. ನ್ಯೂಯಾರ್ಕಿನಲ್ಲಿ ಪೊಲೀಸ್ ಮುಖ್ಯಸ್ಥರನ್ನು ನೇಮಿಸುವುದೇ ಮೇಯರ್. ನಮ್ಮಲ್ಲಿ ಪೊಲೀಸರು ರಾಜ್ಯದ ಗೃಹ ಇಲಾಖೆಯವರು. ಅಧ್ಯಕ್ಷರಾಗಲಿ ಪೌರಾಯುಕ್ತರಾಗಲಿ ಬಂದೋಬಸ್ತು ಬೇಕಾದರೆ ಪತ್ರ ಬರೆದು ಕೇಳಬೇಕು.

ಕಟ್ಟಡದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಬ್ಬರು ಚರಂಡಿಯ ಮೇಲೆ ಮೂರು ಮೆಟ್ಟಿಲು ಕಟ್ಟಿದ್ದಾರೆ. ಎದುರು ಮನೆಯವರು ಸ್ವಂತ ಸೈಟಿನಲ್ಲೇ ಲೈಸೆನ್ಸ್ ಇಲ್ಲದೆ ಒಂದು ಅಂತಸ್ತು ಏರಿಸಿದ್ದಾರೆ. ಎರಡೂ ತಪ್ಪೇ, ಆದರೆ ಕೆಡವುವ ದಾರಿ ಒಂದೇ ಅಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ಅಂತಸ್ತು ಕೆಡವುವ ಮೊದಲು 15 ದಿನಗಳ ನೋಟಿಸು ಕೊಡಬೇಕು, ಮನೆಯವರ ಅಹವಾಲು ಕೇಳಬೇಕು. ರಸ್ತೆ, ಫುಟ್‌ಪಾತ್, ನದಿಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಆ ರಕ್ಷಣೆ ಅನ್ವಯಿಸದು. ಹೊಸ ಬಡಾವಣೆಯ ಮಾತು ಇನ್ನೂ ಬೇರೆ. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ 2031ರವರೆಗಿನ ಮಹಾಯೋಜನೆ ಮಾಡಿದ್ದು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ). ಮನೆ ಕಟ್ಟುವ ಲೈಸೆನ್ಸು ಊರಿನದು, ಜಮೀನು ಯಾವ ಬಳಕೆಗೆ ಎಂಬ ನಕ್ಷೆ ಮೈಸೂರಿನದು.

ನಿಮ್ಮ ಊರಿನಲ್ಲಿ ಅಧಿಕಾರ ಎಷ್ಟು ಚೂರಾಗಿದೆ ಎಂದು ಕಣ್ಣಾರೆ ನೋಡಬೇಕೆಂದರೆ ಒಂದು ಸೋಮವಾರ ಶ್ರೀಕಂಠೇಶ್ವರನ ದರ್ಶನ ಮುಗಿಸಿ ಕಪಿಲಾ ನದಿಯ ಸ್ನಾನಘಟ್ಟಕ್ಕೆ ಇಳಿಯಿರಿ. ಮೆಟ್ಟಿಲ ಮೇಲೆ ಹಲ್ಲಿನಿಂದ ಕಚ್ಚಿ ಹರಿದ ಒಂದು ಶಾಂಪೂ ಪೊಟ್ಟಣ ಬಿದ್ದಿರುತ್ತದೆ. ಅದನ್ನು ಮಾರಿದ ಅಂಗಡಿಯ ವ್ಯಾಪಾರ ಪರವಾನಗಿ ನಗರಸಭೆಯದು. ದೇವಸ್ಥಾನದ ಆವರಣ ಮುಜರಾಯಿ ಇಲಾಖೆಯ ಕಾರ್ಯನಿರ್ವಾಹಕ ಅಧಿಕಾರಿಯ ಸುಪರ್ದಿ. ನೊರೆ ಬೆರೆತ ನೀರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವ್ಯಾಪ್ತಿ, 1974ರ ಜಲ ಕಾಯ್ದೆಯಡಿ. ಜಾತ್ರೆಯ ಜನಜಂಗುಳಿ ಪೊಲೀಸರದು. ಕೊನೆಗೆ ಬಗ್ಗಿ ಪೊಟ್ಟಣ ಹೆಕ್ಕುವವರು ಪೌರಕಾರ್ಮಿಕರು. 2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆ ಅವರು ತೀರ್ಥಕ್ಷೇತ್ರಗಳ ನದಿ, ಕೆರೆಗಳ 500 ಮೀಟರ್ ವ್ಯಾಪ್ತಿಯಲ್ಲಿ ಸೋಪು, ಶಾಂಪೂ ಮಾರಾಟ ನಿಲ್ಲಿಸಬೇಕು, ಭಕ್ತರು ನೀರಿನಲ್ಲಿ ಬಟ್ಟೆ ಬಿಡುವುದನ್ನು ತಡೆಯಬೇಕು ಎಂದು ಅಧಿಕಾರಿಗಳಿಗೆ ಸೂಚಿಸಿದರು. ಸೂಚನೆ ಹೊರಟಿದ್ದು ಬೆಂಗಳೂರಿನಿಂದ. ಅದು ಜಾರಿಯಾಗಬೇಕಾದರೆ ಈ ನಾಲ್ಕೈದು ಕೈಗಳು ಒಟ್ಟಿಗೆ ಏಳಬೇಕು.

ಒಟ್ಟಿಗೆ ಏಳುವುದೂ ಉಂಟು. ನಿಮ್ಮ ತವರಿನ ತ್ರಿವೇಣಿ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ ಬಂತೆಂದರೆ ಜಿಲ್ಲಾಡಳಿತವೇ ಮುಂದೆ ನಿಲ್ಲುತ್ತದೆ. ಇಲಾಖೆಗಳೆಲ್ಲ ಒಂದೇ ಮೇಜಿನ ಸುತ್ತ ಕೂರುತ್ತವೆ. 2025ರ ಫೆಬ್ರುವರಿಯಲ್ಲೂ ಹಾಗೇ ಆಯಿತು. ಮೇಳ ಮುಗಿದು ಮೇಜು ಎತ್ತಿದ ಮೇಲೆ ಒಬ್ಬೊಬ್ಬರೂ ಅವರವರ ಕಡತಕ್ಕೆ ಮರಳುತ್ತಾರೆ. ಕಪಿಲೆಗೆ ಮಾತ್ರ ನಗರಸಭೆಯ ಗಡಿ, ಪುರಸಭೆಯ ಗಡಿ ಎಂಬುದಿಲ್ಲ. ನಂಜನಗೂಡಿನಲ್ಲಿ ನೀರಿಗೆ ಬಿದ್ದ ಪೊಟ್ಟಣವನ್ನು ನಿಮ್ಮ ತವರಿಗೇ ಕೊಂಡೊಯ್ಯುತ್ತಾಳೆ. ನೀರಿನ ಉಸ್ತುವಾರಿಯನ್ನು ಒಂದು ಊರಿನ ಸಭೆಗೆ ಬಿಡದೆ ರಾಜ್ಯದ ಮಂಡಳಿಗೆ ಕೊಟ್ಟಿರುವುದು ಯಾಕೆಂದು ಇದರಲ್ಲೇ ತಿಳಿಯುತ್ತದೆ.

ಆದ್ದರಿಂದ ಮುಂದಿನ ಸಲ ಅರ್ಜಿ ಬರೆಯುವಾಗ ‘ಮಾನ್ಯರೇ’ ಎಂದು ಬರೆಯುವ ಮೊದಲು ನಿಮ್ಮ ದೂರು ಯಾವ ವಸ್ತುವಿನದು ಎಂದು ಗೊತ್ತು ಮಾಡಿಕೊಳ್ಳಿ. ಕಸವೇ, ಅಂಗಡಿಯೇ, ಚರಂಡಿಯೇ ಆದರೆ ಪೌರಾಯುಕ್ತರಿಗೆ. ಆ ಕೆಲಸಕ್ಕೆ ದುಡ್ಡೇ ಇಟ್ಟಿಲ್ಲವೆಂದರೆ ವಾರ್ಡ್ ಸದಸ್ಯರಿಗೆ, ಬಜೆಟ್ ಸಭೆಗೆ ಮುಂಚೆ. ಧ್ವನಿವರ್ಧಕದ ಗಲಾಟೆಯಾದರೆ ಪೊಲೀಸರಿಗೆ, ನದಿಯ ನೊರೆಯಾದರೆ ಮಂಡಳಿಗೆ. ಖಾತೆ, ಲೈಸೆನ್ಸುಗಳಿಗೆ ಸಕಾಲದ ಸಂಖ್ಯೆ ಕೇಳಿ ಪಡೆಯಿರಿ. ಎಷ್ಟು ದಿನದೊಳಗೆ ಆಗಬೇಕು ಎಂಬುದು ಅದರಲ್ಲಿ ನಿಗದಿಯಾಗಿರುತ್ತದೆ. ಸಭೆ ಏನು ನಿರ್ಣಯಿಸಿತು ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ ನಡಾವಳಿಯ ನಕಲು ಕೇಳಿ. ಅದನ್ನು ಓದಿದರೆ ನಿಮ್ಮ ಕೆಲಸ ನಿಂತಿರುವುದು ಬಾಯಿಯಲ್ಲೋ ಕೈಯಲ್ಲೋ ಎಂದು ನಿಮಗೇ ಗೊತ್ತಾಗುತ್ತದೆ.